ಗೊತ್ತಿಲ್ಲ, ನೂರಿಪ್ಪತ್ತು ಯೆನ್

ಹಾಸಿಗೆ ಇದ್ದಷ್ಟೇ ಕಾಲು ಚಾಚಿದವಳು ತ್ಸುನೆಕೊ,
ಈಗ ಸೊಂಟ ಮುರಿದು
ಅಮಗಾಸಾಕಿಯ ಆಸ್ಪತ್ರೆಯಲ್ಲಿ
ಹಾಸಿಗೆ ಎಷ್ಟಿದ್ದರೂ ಚಾಚಲಾರದೆ ಮಲಗಿದ್ದಾಳೆ.
ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು.

ನಲವತ್ತೊಂದು ವರ್ಷ ತಿರುಪುಮೊಳೆಯ ಕಾರ್ಖಾನೆಯಲ್ಲಿ
ಕೂದಲೆಳೆಯ ಅಳತೆ ನೋಡಿದವನು,
ಸಂಬಳದ ಲಕೋಟೆ ಮಾತ್ರ ಒಡೆಯದೆ ತಂದು
ಅವಳ ಮುಂದಿಡುತ್ತಿದ್ದೆ.
ಅವಳು ಎಣಿಸಿ ಕೊಟ್ಟದ್ದು ನನ್ನ ಕೈಖರ್ಚು:
ಸಿಗರೇಟಿಗೆ ಸಾಕು, ಗೆಳೆಯರಿಗೆ ಸಾಲದು.

ಪುಸ್ತಕವೆಂದರೆ ದೊಡ್ಡದೇನಲ್ಲ,
ಹೆಂಗಸರ ಮಾಸಪತ್ರಿಕೆಯ ಜೊತೆ
ಹೊಸವರ್ಷಕ್ಕೆ ಪುಕ್ಕಟೆ ಬರುವುದು.
ಮೊಳಕೆ ಕಾಳು, ಹತ್ತೊಂಬತ್ತು. ತೋಫು, ಮೂವತ್ತೆಂಟು.
ಮೂಲಂಗಿ, ನೂರ ಐದು; ಪಕ್ಕದಲ್ಲಿ ಸಣ್ಣಕ್ಷರ: ಸೊಪ್ಪು ಸಹಿತ.
ಆ ಸೊಪ್ಪನ್ನು ಎಳ್ಳೆಣ್ಣೆಯಲ್ಲಿ ಹುರಿದು
ಮೂರು ದಿನ ಬಡಿಸಿದ್ದಳೆಂದು
ಈಗ ಅರ್ಥವಾಗುತ್ತಿದೆ.

ಸ್ನಾನದ ತೊಟ್ಟಿಯ ನೀರು ಆರುವ ಮುನ್ನ ಬಟ್ಟೆಯಂತ್ರಕ್ಕೆ.
ಆ ಕೊಳವೆ ಎಲ್ಲಿದೆಯೆಂದು ಹುಡುಕಲು ಎರಡು ದಿನ ಹಿಡಿಯಿತು.
ಮಂಗಳವಾರ ಮುಕೊ ನದಿಯಾಚೆ ಮೊಟ್ಟೆ ಅಗ್ಗ,
ಹೋಗಿಬಂದರೆ ಮೂವತ್ತು ಯೆನ್ ಉಳಿತಾಯ.
ಹೋದೆ ಸೈಕಲ್ ಹತ್ತಿ,
ಸೇತುವೆಯ ಮೇಲೆ ಎದುರುಗಾಳಿ,
ಬಾಯಾರಿ ಯಂತ್ರದಿಂದ ನೂರ ಮೂವತ್ತರ ಟೀ ಕೊಂಡು ಕುಡಿದೆ.
ಅದನ್ನೂ ಬರೆದೆ.

ರಾತ್ರಿ ಎಂಟಕ್ಕೆ ಅಂಗಡಿಯಲ್ಲಿ
ಹುಡುಗನೊಬ್ಬ ಅರ್ಧಬೆಲೆಯ ಕೆಂಪು ಚೀಟಿ ಅಂಟಿಸುತ್ತ ಬರುತ್ತಾನೆ.
ಅಲ್ಲಿಯವರೆಗೆ ಎಲ್ಲರೂ ಉಪ್ಪಿನಕಾಯಿ ನೋಡುವ ನಟನೆ.
ನನಗೆ ನಟನೆ ಬರದು, ಮೀನಿನ ಮುಂದೆಯೇ ನಿಂತಿದ್ದೆ.
ಮುದುಕಿಯೊಬ್ಬಳು ಬಂಗುಡೆಯ ತಟ್ಟೆ ನನ್ನ ಬುಟ್ಟಿಗಿಟ್ಟು
'ತ್ಸುನೆಕೊ-ಸಾನ್ ಮನೆಯವರಲ್ಲವೆ' ಅಂದಳು.
ಐವತ್ತು ವರ್ಷ ಈ ಊರಲ್ಲಿ ಬಾಳಿದ್ದೇನೆ.
ಮೊದಲ ಬಾರಿ ನನ್ನನ್ನು ಯಾರೋ ಗುರುತು ಹಿಡಿದರು,
ಅದೂ ಅವಳ ಹೆಸರಿನಿಂದ.

ಎಲ್ಲ ಸರಿಯಿತ್ತು, ಗುರುವಾರದ ಹೊರತು.
ಪ್ರತಿ ಗುರುವಾರ ಪುಟದ ಕೊನೆಯಲ್ಲಿ
ಅವಳ ನೀಟಾದ ಕೈಬರಹ:
ಗೊತ್ತಿಲ್ಲ, ನೂರಿಪ್ಪತ್ತು.

ಕಪಾಟಿನ ಹಳೆಯ ಪುಸ್ತಕಗಳನ್ನೆಲ್ಲ ಇಳಿಸಿದೆ.
ಶೋವಾ ಅರವತ್ತಮೂರರಲ್ಲಿ, ಗೊತ್ತಿಲ್ಲ, ಎಂಬತ್ತು.
ಆಮೇಲೆ ನೂರು.
ಗೊತ್ತಿಲ್ಲದ್ದಕ್ಕೂ ಬೆಲೆ ಏರುತ್ತದೆ!
ಮಣಿಚೌಕಟ್ಟು ತೆಗೆದು ಗುಣಿಸಿದೆ:
ವರ್ಷಕ್ಕೆ ಆರು ಸಾವಿರದ ಇನ್ನೂರ ನಲವತ್ತು.
ನಮ್ಮ ಕಾರ್ಖಾನೆಯಲ್ಲಿ ಇಷ್ಟು ಸಡಿಲ ಬಿಟ್ಟಿದ್ದರೆ
ಯಾರದೋ ಗಾಡಿಯ ಗಾಲಿ ಕಳಚುತ್ತಿತ್ತು.

ಕೇಳಿಯೇಬಿಟ್ಟೆ.
ಅವಳು ಕಿತ್ತಳೆಯ ನಾರು ಒಂದೊಂದೇ ಬಿಡಿಸುತ್ತಿದ್ದಳು.
'ಗೊತ್ತಿದ್ದರೆ ಬರೆಯುತ್ತಿರಲಿಲ್ಲವೆ?'

ಆಮೇಲೆ ಕನ್ನಡಕ ಹಾಕಿ
ನನ್ನ ಮೂರು ವಾರದ ಲೆಕ್ಕ ತರಿಸಿಕೊಂಡಳು.
ಕಾಸಿಗೆ ಕಾಸು ತಾಳೆ, ಹೊಗಳುತ್ತಾಳೆಂದು ಕಾದೆ.
ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು,
ಪುಟ ತಿರುವಿತು, ಮತ್ತೆ ಹಿಂದಕ್ಕೆ ಬಂತು.
'ಮೂರು ಗುರುವಾರ,' ಅಂದಳು,
'ಒಂದು ಸಲವೂ ಇಲ್ಲವಲ್ಲ ನಿಮಗೆ.'
ಅವಳ ಎಕ್ಸ್‌ರೇ ನೋಡಿದ ದಿನ
ಡಾಕ್ಟರು ಮಾತಾಡಿದ್ದು ಇದೇ ದನಿಯಲ್ಲಿ.

ಇವತ್ತು ಗುರುವಾರ.
ಒಂದು ನೂರರ ನಾಣ್ಯ, ಹತ್ತರವು ಎರಡು,
ಅಂಗೈಯಲ್ಲಿ ಹಿಡಿದು ಆಸ್ಪತ್ರೆಯಿಂದ ಹೊರಬಿದ್ದೆ.
ಅಂಗಡಿಬೀದಿ ಉದ್ದಕ್ಕೂ ನಡೆದೆ.
ಬಿಸಿ ಆಲೂ ವಡೆ ತೊಂಬತ್ತು; ತಿಂದರೆ ಮೂವತ್ತು ಉಳಿದೀತು.
ಹೂವಿನ ಅಂಗಡಿಯಲ್ಲಿ ಬಾಡಿದ್ದು ನೂರೈವತ್ತು.
ಆಟಿಕೆ ಉಗುಳುವ ಯಂತ್ರಕ್ಕೆ ನೂರರದೇ ಬೇಕಂತೆ, ಮೂರು.
ಬೆಂಚಿನ ಮೇಲೆ ಕೂತೆ. ಪಾರಿವಾಳಗಳು ಬಂದವು,
ನನ್ನ ಕೈ ನೋಡಿ ಹೋದವು.
ಬಿಸಿಲು ಇಳಿಯುವವರೆಗೂ
ಗೊತ್ತಿಲ್ಲದ್ದು ಯಾವುದೂ ಹೊಳೆಯಲಿಲ್ಲ.

ಮನೆಗೆ ಬಂದು ದೀಪ ಹಾಕಿ
ಪುಸ್ತಕ ತೆರೆದು ಬರೆದೆ:
ಕೈಯಲ್ಲಿ ಉಳಿದದ್ದು, ನೂರಿಪ್ಪತ್ತು.
ಕೂಡಿಸಿ ನೋಡಿದೆ.
ಈ ಸಲವೂ ಸರಿಯಾಗಿ ಬಂತು.