ನೂರಾ ಹದಿನೇಳು

ಪೊರಕೆ, ಬಕೆಟ್ಟು ಇಡುವ ಕೋಣೆಯೇ
ಡಾರ್ಲಾ ಮಲಿನ್ಸಳ ಕ್ಲಾಸು.
ಹೊರಗೆ ವೆಸ್ಟ್ ವರ್ಜೀನಿಯಾದ ಗಣಿ ಮುಚ್ಚಿದ ಬೆಟ್ಟ.
ಒಳಗೆ ಏಳು ವರ್ಷದ ಹುಡುಗ
'ರ' ಅನ್ನಲು ಹೋಗಿ 'ವ' ಅನ್ನುತ್ತಾನೆ.
ನಾಲಗೆ ಹಿಂದಕ್ಕೆ, ಮರೀ. ಇನ್ನೊಮ್ಮೆ.

ಸರಕಾರಿ ಕೆಲಸದಲ್ಲಿದ್ದು
ನೂರಿಪ್ಪತ್ತು ಕಂತು ಕಟ್ಟಿದರೆ
ಓದಿದ ಸಾಲ ಮನ್ನಾ.
ಕಾಗದ ಬಂದಿದೆ: ನೂರಾ ಹದಿನೇಳು.
ಸಂಬಳವಿಲ್ಲದ ಬಾಣಂತನದ ಮೂರು ತಿಂಗಳು
ಲೆಕ್ಕಕ್ಕಿಲ್ಲ.

ಆ ಊರ ಮಾತಲ್ಲಿ
ಮನ್ನಾಕ್ಕೂ ಕ್ಷಮೆ ಎಂದೇ ಹೆಸರು.
ಯಾವ ತಪ್ಪಿಗೆ?
ಕೇಳೋಣವೆಂದರೆ ಫೋನಿನಲ್ಲಿ
ಮುಕ್ಕಾಲು ಗಂಟೆಯಿಂದ ಪಿಟೀಲು.

'ರಿವವ್' ಎಂದ ಹುಡುಗ.
ರಿವರ್. ಮೊದಲನೆಯದು ಸರಿ,
ಕೊನೆಯದು ಇನ್ನೂ ಜಾರುತ್ತಿದೆ.
ಡಾರ್ಲಾ ಫೋನು ಮಗುಚಿಟ್ಟು
ಅವನ ಹಾಳೆಯ ಮೇಲೆ ಗೀಟೆಳೆದಳು.
ಅರ್ಧವನ್ನೂ ಎಣಿಸ್ತೀವಿ, ಇಲ್ಲಿ.