ತಾರೀಕು ಹಾಕಬೇಡಿ

ಪೀಟರ್‌ಹೆಡ್ ಬಂದರಿನ ಹಿಂದುಗಡೆ
ಮೀನುಗಾರರ ಸಭಾಮನೆ. ಗುರುವಾರ ಸಂಜೆ ಏಳಕ್ಕೆ ಇಂಗ್ಲಿಷು.
ಹೀಟರು ಒಂದೇ, ಅದಕ್ಕೂ ಕೆಮ್ಮು.
ಗೋಡೆಯ ಮೇಲೆ ಹಿತ್ತಾಳೆ ಫಲಕ:
ಮುಳುಗಿದ ದೋಣಿಗಳ ಹೆಸರು, ಹೆಸರಿನೆದುರು ತಾರೀಕು.
ಬಕನ್ ಎಂಬ ಅಡ್ಡಹೆಸರು ಅದರಲ್ಲಿ ಏಳು ಸಲ.
ನಮ್ಮ ಇಶ್‌ಬೆಲ್ ಮೇಡಂ ಕೂಡ ಬಕನ್.
ಈ ಊರಲ್ಲಿ ಅರ್ಧ ಜನಕ್ಕೆ ಅದೇ ಹೆಸರು,
ಯಾರೂ ಕೇಳಲಿಲ್ಲ.

ನಾನು ಎಣ್ಣೆಬಾವಿಗಳಿಗೆ ಸಾಮಾನು ಒಯ್ಯುವ ಹಡಗಿನ ಅಡುಗೆಯವ,
ದಡದಲ್ಲಿದ್ದ ವಾರ ಹಾಜರು.

ಮೇಡಂ ಹಲಗೆಯ ಮೇಲೆ ಉದ್ದಕ್ಕೊಂದು ಗೆರೆ ಎಳೆದರು.
ಎಡಗಡೆ ಒಂದು ಕತ್ತರಿ ಗುರುತು: ಇದು ಆದದ್ದು, ಮುಗಿದದ್ದು.
ಆಮೇಲೆ ಅಲ್ಲಿಂದಲೇ ಹೊರಟ ಬಾಣ,
ಹಲಗೆ ಮುಗಿದರೂ ನಿಲ್ಲದೆ ಚೌಕಟ್ಟಿನ ಮರದ ಮೇಲೂ ಹರಿದು
ಅವರ ಮೊಣಕೈ ಹತ್ತಿರ ಬಂದು ನಿಂತಿತು.
ಅದಕ್ಕೇನೋ ಉದ್ದನೆಯ ಹೆಸರು ಹೇಳಿದರು.
ನನ್ನ ಪುಸ್ತಕದಲ್ಲಿ ನಾನು ಬರೆದುಕೊಂಡದ್ದು:
ಆಗಿ, ಇದೆ.

ಉದಾಹರಣೆ ಕೊಡಿ ಅಂದಾಗ ಮೊದಲು ಎದ್ದದ್ದು ವೈದೋತಾಸನ ಕೈ,
ಎದ್ದ ಕೈಯಲ್ಲಿ ನಾಲ್ಕೇ ಬೆರಳು.
'ಐ ಹ್ಯಾವ್ ಲಾಸ್ಟ್ ಮೈ ಫಿಂಗರ್.'
'ಸರಿ,' ಅಂದರು ಮೇಡಂ, ತುಸು ತಡೆದು, 'ಪೂರ್ತಿ ಸರಿ.'
'ಹ್ಯಾವ್ ಬಿಟ್ಟು ಹೇಳಿದರೆ?'
'ಅದೂ ಸರಿಯೇ. ಆದರೆ ಆಮೇಲೆ ಸಿಕ್ಕಿರಲೂಬಹುದು.'
ಅವನು ಬಗ್ಗಿ ಮೇಜಿನಡಿ ಹುಡುಕಿದ.
ನಕ್ಕೆವು. ಎಲ್ಲರಿಗಿಂತ ಜೋರಾಗಿ ಅವನೇ.

ಈ ಹ್ಯಾಸ್‌ಗೂ ತಾರೀಕಿಗೂ ಎಣ್ಣೆ ಸೀಗೇಕಾಯಿ.
ನಿನ್ನೆ, ಹೋದ ವರ್ಷ, ಬೆಳಿಗ್ಗೆ ಆರಕ್ಕೆ,
ಇಂಥ ಯಾವುದೇ ಮಾತು ಒಳಗೆ ಬಂದರೂ
ಅದು ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತದೆ.
ಇನ್ನು ಗಾನ್ ಅಂದರೆ ಹೋದವರು ಅಲ್ಲೇ ಇದ್ದಾರೆ,
ಬೀನ್ ಅಂದರೆ ಹೋಗಿ ಬಂದರು.
ಮೇಡಂನ ತಂಗಿ ಆಬರ್ಡೀನಿಗೆ ಬೀನ್,
ಸಾಕ್ಷಿಗೆ ಅಗ್ಗದ ಎರಡು ಟವೆಲು.

ನನ್ನ ಪಕ್ಕದ ಕುರ್ಚಿ ಲೆತೆಬ್ರಹಾನಳದು.
ಎರಿಟ್ರಿಯಾದ ಕೆರೆನ್ ಊರಿನವಳು, ರಾತ್ರಿ ಪಾಳಿಯಲ್ಲಿ ಹ್ಯಾಡಕ್ ಸೀಳುತ್ತಾಳೆ.
ಪೆನ್ಸಿಲಿನಲ್ಲಿ, ಒತ್ತಿ ಒತ್ತಿ, ಬರೆದಳು:
'ಮೈ ಬ್ರದರ್ ಹ್ಯಾಸ್ ಗಾನ್ ಟು ಇಟಲಿ ಇನ್ ಅಕ್ಟೋಬರ್.'

ಮೇಡಂನ ಕೆಂಪು ಪೆನ್ನು, ಅಭ್ಯಾಸಬಲ,
ಅಕ್ಟೋಬರಿನ ಸುತ್ತ ಒಂದು ಸೊನ್ನೆ ಸುತ್ತಿತು.
'ಎರಡರಲ್ಲಿ ಒಂದು, ಪುಟ್ಟೀ.
ತಿಂಗಳು ಬೇಕಿದ್ದರೆ ವೆಂಟ್. ಹ್ಯಾಸ್ ಬೇಕಿದ್ದರೆ ತಿಂಗಳು ಬಿಡು.'
'ವೆಂಟ್ ಅಂದರೆ ಮುಗಿಯಿತಾ?'
'ಮುಗಿಯಿತು.'
'ಇಟಲಿಯಲ್ಲಿ ಯಾವ ಊರು?' ವೈದೋತಾಸ್ ಸುಮ್ಮನೆ ಕೇಳಿದ.
'ದೋಣಿ,' ಅಂದಳು ಅವಳು.

ಹೀಟರೂ ಕೆಮ್ಮಲಿಲ್ಲ.
ಮೇಡಂ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು, ಹಾಕಿದರು.
ಫಲಕದ ಕಡೆ ನೋಡಿದರೋ, ಗಡಿಯಾರದ ಕಡೆಯೋ,
ಎರಡೂ ಒಂದೇ ಗೋಡೆಯಲ್ಲಿದ್ದವು.

ನಾನು ಒಳಗೊಳಗೇ ನನ್ನ ಮಾತಿನಲ್ಲಿ ತಿರುವಿ ನೋಡಿದೆ.
ಹೋದ. ಎರಡೇ ಅಕ್ಷರ,
ಸತ್ತವನಿಗೂ ನಾವು ಅದನ್ನೇ ಅನ್ನುತ್ತೇವೆ.
ಹೋಗಿದ್ದಾನೆ.
ಬಿಡಿಸಿದರೆ, ಬಾಲದಲ್ಲಿ, ಇದ್ದಾನೆ.
ಅವಳಿಗೆ ಹೇಳೋಣವೆಂದರೆ
ನಮ್ಮಿಬ್ಬರ ನಡುವೆ ಇದ್ದದ್ದು ಈ ಹರಕು ಇಂಗ್ಲಿಷೊಂದೇ.

ಅವಳು ರಬ್ಬರು ಕೇಳಿದಳು, ಕೊಟ್ಟೆ.
ಅಕ್ಟೋಬರನ್ನು ಅಳಿಸಿದಳು, ಹಾಳೆ ತೆಳ್ಳಗಾಗುವಷ್ಟು.
ಪೆನ್ನಿನ ಸೊನ್ನೆ ಅಳಿಯಲಿಲ್ಲ,
ಒಳಗೇನೂ ಇಲ್ಲದೆ ಕೆಂಪಗೆ ಉಳಿಯಿತು.
ಮೇಡಂ ಅದರ ಪಕ್ಕದಲ್ಲಿ ಸರಿ ಗುರುತು ಹಾಕಿದರು.

ಮನೆಗೆಲಸ: ಯೆಟ್ ಬಳಸಿ ಐದು ವಾಕ್ಯ.

ಶನಿವಾರ ಹಡಗು ಹೊರಟಿತು. ಒಲೆಯ ಮುಂದೆ ನಿಂತು ಬರೆದೆ.
ಬೇಳೆ ಇನ್ನೂ ಬೆಂದಿಲ್ಲ.
ಬೆಳಕು ಇನ್ನೂ ಹರಿದಿಲ್ಲ.
ಕ್ಯಾಪ್ಟನ್ ಇನ್ನೂ ಉಪ್ಪು ಜಾಸ್ತಿ ಅಂದಿಲ್ಲ.
ನಾಲ್ಕನೆಯದು ಬೆರಳಿನದು, ವೈದೋತಾಸ್ ನಗಲಿ ಅಂತ.
ಐದನೆಯದು ತಲೆಯಲ್ಲಿ ತಾನಾಗಿ ಬಂತು,
ಬರೆಯಲಿಲ್ಲ.
ಅದು ಅವಳಿಗೆ ಬೇಕಾಗಬಹುದು.