ಕೊಸರು

ಮಾರ್ಚ್ ಮುಗಿಯುವುದರೊಳಗೆ ಲೆಕ್ಕ ಹೋಗಬೇಕಂತೆ:
ಯಾರು ಎಷ್ಟು ಬರೆದರು, ಬರೆದದ್ದನ್ನು
ಎಷ್ಟು ಮಂದಿ ತಮ್ಮ ಪ್ರಬಂಧದ ಬಾಲಕ್ಕೆ ಕಟ್ಟಿಕೊಂಡರು.
ಆದೇಶ ಬಂದದ್ದು ಲೈಬ್ರರಿಗೆ. ಲೈಬ್ರರಿಯೆಂದರೆ ನಾನು,
ಒಂದು ಕಂಪ್ಯೂಟರು, ಹೊಯಿಗೆಬಜಾರಿನ ಉಪ್ಪುಗಾಳಿಗೆ
ಬಾಗಿಲು ಕಚ್ಚಿಕೊಂಡ ಹದಿನಾಲ್ಕು ಕಬ್ಬಿಣದ ಕಪಾಟು.

ಎಚ್-ಇಂಡೆಕ್ಸ್ ಅಂದರೆ ಎಂಥದು ಮೇಡಂ, ಅಂದ ಅಟೆಂಡರ್ ತುಕ್ರಪ್ಪ.
ಬಂಗುಡೆಗಳನ್ನು ಸಾಲಾಗಿ ಮಲಗಿಸು, ಅಂದೆ, ಉದ್ದದ್ದು ಮೊದಲು.
ಏಳನೆಯದು ಏಳಿಂಚು ಉಂಟು. ಎಂಟನೆಯದು ಎಂಟು ಮುಟ್ಟುವುದಿಲ್ಲ.
ಹಾಗಾದರೆ ನೀನು ಏಳು.
"ಮೊದಲನೆಯದು ತಿಮಿಂಗಿಲವಾದರೆ?"
ಆದರೂ ಏಳೇ.
ದಕ್ಕೆಯಲ್ಲಿ ಹೀಗೆ ಏಲಂ ಕೂಗಿದರೆ
ಬುಟ್ಟಿ ತಲೆಗೆ ಬೀಳುತ್ತದೆ ಎಂದು ನಗುತ್ತ ಚಾ ತರಲು ಹೋದ.

ನಮ್ಮಲ್ಲಿಯ ತಿಮಿಂಗಿಲ ಡಾಕ್ಟರ್ ಸಾಲಿಯಾನರದು.
ತೊಂಬತ್ತಾರರಲ್ಲಿ ಬೂತಾಯಿಯ ಬಗ್ಗೆ ಬರೆದ ಒಂಬತ್ತು ಪುಟ,
ಇನ್ನೂರ ಹನ್ನೆರಡು ಉಲ್ಲೇಖ.
ಯಾರೂ ಹೇಳದಿದ್ದರೂ ಒಂದೊಂದಾಗಿ ತೆರೆದು ಓದಿದೆ.
ನೂರಾ ಎಂಬತ್ತು ಮಂದಿ ಹೇಳಿದ್ದು ಒಂದೇ ಮಾತು:
ಹೀಗಲ್ಲ. ಇವರು ಬಲೆಯ ಕಣ್ಣು ಅಳೆದಿಲ್ಲ.
ಸಣ್ಣ ಮೀನು ನುಸುಳಿಹೋದದ್ದನ್ನು
ಸಣ್ಣ ಮೀನೇ ಇಲ್ಲವೆಂದು ತಿಳಿದಿದ್ದಾರೆ.
ಬೈದರೂ ಒಂದು, ಬೆನ್ನು ತಟ್ಟಿದರೂ ಒಂದು;
ಕೂಡಿಸುವ ಯಂತ್ರಕ್ಕೆ ಧ್ವನಿ ಕೇಳಿಸುವುದಿಲ್ಲ.
ಸೋಮವಾರ ಅವರಿಗೆ ಶಾಲು ಉಂಟು.

ಶನಿವಾರ ಸಂಜೆ ಅವರೇ ಬಂದರು, ಕೋಲೂರಿಕೊಂಡು,
ಸೆಕೆಗೆ ಬೆನ್ನಿಗಂಟಿದ ಅಂಗಿ.
"ಅದು ತಪ್ಪು, ಗೊತ್ತುಂಟಲ್ಲ ನಿಮಗೆ?
ಮರುವರ್ಷವೇ ತಿದ್ದಿ ಕಳಿಸಿದ್ದೆ. ಅರ್ಧ ಪುಟ. ಅಚ್ಚೂ ಆಗಿತ್ತು.
ಅದಕ್ಕೆಷ್ಟು?"
ಹುಡುಕಿದೆ. ಹುಡುಕುವುದನ್ನು
ಸ್ವಲ್ಪ ಹೆಚ್ಚೇ ಹೊತ್ತು ನಟಿಸಿದೆ.
ಸೊನ್ನೆ, ಸಾರ್.
"ಹಾಂ," ಅಂದರು. ಕಿಟಕಿಯಾಚೆ
ಬೆಂಗ್ರೆಗೆ ಹೊರಟ ದೋಣಿ ನೋಡುತ್ತ ತುಂಬ ಹೊತ್ತು ನಿಂತರು.

ಅವರು ಹೋದ ಮೇಲೆ ಆ ಅರ್ಧ ಪುಟ ತೆಗೆದೆ.
ಕೊನೆಯಲ್ಲಿ, ಸಣ್ಣ ಅಕ್ಷರದಲ್ಲಿ:
ಬಲೆಯ ಕಣ್ಣಿನ ಮಾತು ಎತ್ತಿದವರು ಲೋಕು ಪುತ್ರನ್,
ಬಲೆ ಹೆಣೆಯುವವರು. ಅವರು ಹೇಳಿದ್ದು ಸರಿ.
ಷರಾ ಎಂಬ ಕಾಲಮ್ಮಿನಲ್ಲಿ ಅದನ್ನು ಬರೆಯಹೋದೆ.
ಅಂಕಿ ಮಾತ್ರ ಹಾಕಿ, ಅಂತು ಕಂಪ್ಯೂಟರು.

ದಕ್ಕೆಯಲ್ಲಿ ಗುಲಾಬಿಯಕ್ಕ ಹತ್ತು ಬಂಗುಡೆ ಎಣಿಸಿ ಹಾಕಿ
ಎಣಿಸದೆ ಇನ್ನೊಂದು ಎಸೆದಳು ಚೀಲಕ್ಕೆ.